ಒಂದೇ ಬುತ್ತಿಯ ಮರಿಗಳು: ಒಂಟಿ ಜೇನ್ನೊಣದ ಮೇಲೆ ಕೀಟನಾಶಕ ಪರೀಕ್ಷೆ ಏಕೆ ಇಷ್ಟು ಕಷ್ಟ?

ಒಂದು ಕೀಟನಾಶಕಕ್ಕೆ ಅನುಮತಿ ಕೊಡುವ ಮೊದಲು ಅದು ಜೇನ್ನೊಣಕ್ಕೆ ಎಷ್ಟು ಅಪಾಯ ಎಂದು ಪರೀಕ್ಷೆ ಮಾಡಿ ನೋಡುತ್ತಾರೆ. ಒಳ್ಳೆಯದೇ. ಆದರೆ ಯಾವ ಜೇನ್ನೊಣಕ್ಕೆ ಅಂತ ಕೇಳಿ ನೋಡಿ. ಹೆಚ್ಚೂಕಡಿಮೆ ಎಲ್ಲ ಸಲವೂ ಉತ್ತರ ಒಂದೇ: ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನ್ನೊಣ, ಏಪಿಸ್ ಮೆಲ್ಲಿಫೆರಾ. ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಜೇನ್ನೊಣಗಳು 20,000ಕ್ಕೂ ಜಾಸ್ತಿ ಬಗೆ. ಅವುಗಳಲ್ಲಿ ಬಹುಪಾಲು ಜೇನು ಕೂಡಿಡುವುದಿಲ್ಲ. ಅವಕ್ಕೆ ರಾಣಿ ಇಲ್ಲ, ಕೆಲಸಗಾರರಿಲ್ಲ, ಜೇನುಹುಟ್ಟೂ ಇಲ್ಲ. ಒಂದು ಹೆಣ್ಣು, ಅದರದೇ ಒಂದು ತೂತು, ಅದರೊಳಗೆ ಒಂದಷ್ಟು ಮರಿ. ಇಷ್ಟೇ ಸಂಸಾರ. ಇವನ್ನು ಒಂಟಿ ಜೇನ್ನೊಣ ಅನ್ನುತ್ತಾರೆ.

ಈ ಒಂಟಿಗಳ ಮರಿಹುಳುವಿಗೆ, ಅಂದರೆ ಲಾರ್ವಾಕ್ಕೆ, ಕೀಟನಾಶಕ ಏನು ಮಾಡುತ್ತದೆ ಎಂದು ಅಳೆಯಲು ದೇಶದೇಶಗಳು ಒಪ್ಪಿದ ಒಂದು ಪರೀಕ್ಷಾ ವಿಧಾನ ಇನ್ನೂ ಬಂದಿಲ್ಲ. ಯಾರೂ ಕೈಹಾಕಿಲ್ಲ ಅಂತಲ್ಲ, ಹಲವು ಪ್ರಯೋಗಾಲಯಗಳು ಹಾಕಿವೆ. ಹಾಕಿದವರಿಗೆಲ್ಲ ಅದು ಎಂಥ ತಲೆನೋವು ಅಂತ ಗೊತ್ತು. ಏಕೆ ಅಂತ ತಿಳಿಯಬೇಕಾದರೆ ಮರಿ ಏನು ತಿನ್ನುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಮಣ್ಣಿನ ಗೋಡೆ ಕಟ್ಟುವ ಮೇಸನ್ ಜೇನ್ನೊಣವನ್ನೇ ತೆಗೆದುಕೊಳ್ಳಿ. ಆಸ್ಮಿಯಾ ಎಂಬ ಕುಲ ಇದರದು. ಟೊಳ್ಳು ಕಡ್ಡಿಯೋ, ಮರದಲ್ಲಿ ಯಾವುದೋ ದುಂಬಿ ಕೊರೆದು ಬಿಟ್ಟ ತೂತೋ ಸಿಕ್ಕರೆ ತಾಯಿ ಅಲ್ಲಿ ಠಿಕಾಣಿ ಹೂಡುತ್ತದೆ. ಹೂವಿಂದ ಹೂವಿಗೆ ಅಲೆದು ಪರಾಗ ತಂದು, ಮಕರಂದ ಬೆರೆಸಿ, ಒಂದು ಉಂಡೆ ಕಟ್ಟುತ್ತದೆ. ಅದರ ಮೇಲೆ ಒಂದೇ ಒಂದು ಮೊಟ್ಟೆ. ಆಮೇಲೆ ಮಣ್ಣಿನಿಂದ ಬಾಗಿಲು ಮುಚ್ಚಿ ಪಕ್ಕದ ಕೋಣೆ ಕಟ್ಟಲು ಶುರು. ಮತ್ತೆ ಆ ಮರಿಯ ಮುಖ ನೋಡುವುದಿಲ್ಲ. ಕೆಲವು ವಾರಗಳಲ್ಲಿ ತಾಯಿಯೇ ಇರುವುದಿಲ್ಲ. ಮರಿಯ ಪಾಲಿಗೆ ಇರುವುದು ಆ ಬುತ್ತಿ ಮಾತ್ರ. ಮೊಟ್ಟೆಯಿಂದ ಹೊರಬಂದು ಸುಮಾರು ಒಂದು ತಿಂಗಳ ಕಾಲ ಅದನ್ನೇ ತಿಂದು, ರೇಷ್ಮೆ ಹುಳುವಿನ ಹಾಗೆ ತನ್ನ ಸುತ್ತ ನೂಲಿನ ಗೂಡು ಸುತ್ತಿಕೊಂಡು, ಅದರೊಳಗೇ ರೂಪ ಬದಲಿಸಿ, ರೆಕ್ಕೆ ಬಂದ ಮೇಲೂ ಚಳಿಗಾಲ ಪೂರ್ತಿ ಒಳಗೇ ಮಲಗಿದ್ದು ಮುಂದಿನ ವಸಂತದಲ್ಲಿ ಹೊರಗೆ ಬರುತ್ತದೆ.

ಈಗ ಸಾಕು ಜೇನ್ನೊಣದ ಮರಿಯನ್ನು ನೋಡಿ. ಅದಕ್ಕೆ ದಾದಿಯರಿದ್ದಾರೆ. ದಾದಿ ನೊಣಗಳು ಪರಾಗವನ್ನು ತಾವು ತಿಂದು ಅರಗಿಸಿ, ತಲೆಯಲ್ಲಿರುವ ಗ್ರಂಥಿಗಳಿಂದ ಜೆಲ್ಲಿ ಸ್ರವಿಸಿ ಮರಿಗೆ ಉಣಿಸುತ್ತವೆ. ಪರಾಗದಲ್ಲಿ ವಿಷ ಇದ್ದರೆ ಅದರ ದೊಡ್ಡ ಪಾಲು ದಾದಿಯ ಮೈಯಲ್ಲೇ ಉಳಿಯುತ್ತದೆ. ದಾದಿ ಒಂದು ಜರಡಿ ಇದ್ದ ಹಾಗೆ. ಕೆಲಸಗಾರ ಮರಿ ಕೊನೆಯ ಒಂದೆರಡು ದಿನ ನೇರವಾಗಿ ತಿನ್ನುವ ಪರಾಗ ಕೆಲವೇ ಮಿಲಿಗ್ರಾಂ. ಒಂಟಿ ಜೇನ್ನೊಣದ ಹೆಣ್ಣುಮರಿಗೆ ಕಟ್ಟಿಡುವ ಬುತ್ತಿ ನೂರಾರು ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಹೆಚ್ಚಿನದು ಹಸಿ ಪರಾಗವೇ. ಸೋಸುವವರು ಯಾರೂ ಇಲ್ಲ. ಹೂವಿನ ಮೇಲೆ ಏನು ಬಿದ್ದಿತ್ತೋ ಅದು ನೇರ ಮರಿಯ ಹೊಟ್ಟೆಗೆ, ಅದೂ ಒಂದು ತಿಂಗಳು ದಿನಾ.

ಇನ್ನೊಂದು ಲೆಕ್ಕವೂ ಇದೆ. ಹುಟ್ಟಿನ ರಾಣಿ ಒಳ್ಳೆಯ ಕಾಲದಲ್ಲಿ ದಿನಕ್ಕೆ 1,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ನೂರು ಮರಿ ಸತ್ತರೆ ಹುಟ್ಟಿಗೆ ಅದು ಒಂದು ಬೆಳಗಿನ ನಷ್ಟ. ಮೇಸನ್ ಜೇನ್ನೊಣ ಜೀವಮಾನದಲ್ಲೇ 20, ಹೆಚ್ಚೆಂದರೆ 30 ಮರಿ ಮಾಡಬಹುದು. ಅದರಲ್ಲಿ ಐದು ಹೋದರೆ?

ಹಾಗಾದರೆ ಈಗ ಇರುವ ಪರೀಕ್ಷೆಗಳು ಏನು ಮಾಡುತ್ತವೆ? ಈ ವಿಷಯದಲ್ಲಿ ಹಲವು ದೇಶಗಳು ಅನುಸರಿಸುವುದು ಒಇಸಿಡಿ, ಅಂದರೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಎಂಬ ದೇಶಗಳ ಕೂಟ, ಹೊರಡಿಸುವ ಮಾರ್ಗಸೂಚಿಗಳನ್ನು. ಸಾಕು ಜೇನ್ನೊಣದ ಮರಿಗೆ ಒಂದೇ ಸಲ ವಿಷ ಕೊಟ್ಟು ನೋಡುವ ಪರೀಕ್ಷೆ 2013ರಲ್ಲಿ ಬಂತು, ಅದರ ಸಂಖ್ಯೆ 237. ದಿನಾ ಸ್ವಲ್ಪ ಸ್ವಲ್ಪ ಕೊಟ್ಟು ರೆಕ್ಕೆ ಬರುವವರೆಗೆ ಕಾಯುವ ವಿಧಾನ 2016ರಲ್ಲಿ ಬಂತು, ಅದು 239. ಇದರಲ್ಲಿ ಒಂದು ದಿನದ ಮರಿಗಳನ್ನು ಹುಟ್ಟಿನಿಂದ ಎತ್ತಿ, 48 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು, 34–35 ಡಿಗ್ರಿ ಶಾಖದಲ್ಲಿ ಬೆಳೆಸುತ್ತಾರೆ. ಊಟದ ಅರ್ಧ ಭಾಗ ರಾಯಲ್ ಜೆಲ್ಲಿ, ಉಳಿದದ್ದು ಸಕ್ಕರೆ, ಯೀಸ್ಟ್ ಸಾರ, ನೀರು. ಒಂದು ಮರಿಗೆ ಒಟ್ಟು 160 ಮೈಕ್ರೋಲೀಟರ್ ಊಟ. ಮೂರು ವಾರದಲ್ಲಿ ಫಲಿತಾಂಶ ಕೈಯಲ್ಲಿ. ವಿಷ ಹಾಕದ ಗುಂಪಿನಲ್ಲೂ ಜಾಸ್ತಿ ಮರಿಗಳು ಸತ್ತರೆ ಪರೀಕ್ಷೆಯೇ ರದ್ದು. ಇನ್ನೊಂದು ಗುಂಪಿಗೆ ಬೇಕಂತಲೇ ಡೈಮಿಥೋಯೇಟ್ ಎಂಬ ಹಳೆಯ ವಿಷ ಹಾಕಿ ಸಾಯುತ್ತವೋ ಇಲ್ಲವೋ ನೋಡುತ್ತಾರೆ. ಅಲ್ಲೂ ಏನೂ ಆಗದಿದ್ದರೆ ಪರೀಕ್ಷೆ ನಡೆಸಿದ ರೀತಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಅರ್ಥ. ಅಚ್ಚುಕಟ್ಟಾದ ವಿಧಾನ, ಅದರಲ್ಲಿ ನನಗೇನೂ ತಕರಾರಿಲ್ಲ. ಆದರೆ ಇದು ಅಳೆಯುವುದು ಜೆಲ್ಲಿ ಕುಡಿದು ಬೆಳೆಯುವ ಮರಿಯನ್ನು.

ಒಂಟಿ ಜೇನ್ನೊಣದ ಮಾಹಿತಿ ಇಲ್ಲದಿದ್ದರೆ ಏನು ಮಾಡಬೇಕು? ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2013ರಲ್ಲಿ ಕೊಟ್ಟ ಉಪಾಯ ಸರಳ: ಸಾಕು ಜೇನ್ನೊಣದ ಅಂಕಿಯನ್ನು ಹತ್ತರಿಂದ ಭಾಗಿಸಿ. ಸಾಕು ಜೇನ್ನೊಣ ಇಷ್ಟು ತಡೆಯುತ್ತದೆ ಎಂದಾದರೆ ಒಂಟಿ ಜೇನ್ನೊಣ ಅದರ ಹತ್ತನೇ ಒಂದು ಭಾಗ ತಡೆಯುತ್ತದೆ ಎಂದು ಇಟ್ಟುಕೊಳ್ಳೋಣ, ಅಷ್ಟೇ. ಇದು ಗಾಳಿಯಲ್ಲಿ ಗುಂಡು ಹೊಡೆದ ಲೆಕ್ಕವೂ ಅಲ್ಲ. 2014ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ ಬಂತು. 19 ಬಗೆಯ ಜೇನ್ನೊಣಗಳನ್ನು ಹೋಲಿಸಿದಾಗ ಈ ಹತ್ತರ ಲೆಕ್ಕ 95% ಸಂದರ್ಭಗಳಲ್ಲಿ ಸಾಕಾಗುತ್ತದೆ ಎಂದು ಕಂಡಿತ್ತು. ಓದಿದರೆ ಸಮಾಧಾನ ಆಗುತ್ತದೆ, ಅಲ್ವಾ? ಆದರೆ ಅಲ್ಲಿ ಹೋಲಿಸಿದ ಅಂಕಿಗಳು ಹೆಚ್ಚಾಗಿ ರೆಕ್ಕೆ ಬಂದ ಜೇನ್ನೊಣಗಳದ್ದು, ಅದೂ ಅರ್ಧದಷ್ಟು ಸಾಯಲು ಎಷ್ಟು ವಿಷ ಬೇಕು ಎಂಬುದು. ಮರಿಯ ಕಥೆ ಅದರಲ್ಲಿಲ್ಲ.

ಉಳಿದ 5% ಕೂಡ ಕೆಲವೊಮ್ಮೆ ಸಣ್ಣದಲ್ಲ. ಕುದುರೆ ಮಸಾಲೆ ಸೊಪ್ಪಿನ ಬೀಜಕ್ಕಾಗಿ ಪರಾಗಸ್ಪರ್ಶ ಮಾಡಿಸಲು ಸಾಕುವ, ಎಲೆ ಕತ್ತರಿಸಿ ಗೂಡು ಕಟ್ಟುವ ಒಂಟಿ ಜೇನ್ನೊಣ ಒಂದಿದೆ, ಮೆಗಾಕೈಲಿ ರೊಟುಂಡಾಟಾ. ಥಯಾಕ್ಲೋಪ್ರಿಡ್ ಎಂಬ ಕೀಟನಾಶಕ ಜೇನ್ನೊಣಗಳಿಗೆ ಅಷ್ಟೇನೂ ಅಪಾಯ ಇಲ್ಲ ಎಂಬ ಹೆಸರು ಪಡೆದಿತ್ತು. ಏಕೆಂದರೆ ಸಾಕು ಜೇನ್ನೊಣದ ಮೈಯಲ್ಲಿ ಅದನ್ನು ಒಡೆದು ಹಾಕುವ ಸಿವೈಪಿ9ಕ್ಯೂ ಗುಂಪಿನ ಕಿಣ್ವಗಳಿವೆ. ಮೇಸನ್ ಜೇನ್ನೊಣಕ್ಕೂ ಅಂಥದ್ದೇ ಕೆಲಸ ಮಾಡುವ ಬೇರೆ ಕಿಣ್ವ ಇದೆ. ಎಲೆ ಕತ್ತರಿಸುವ ಜೇನ್ನೊಣದ ವಂಶವಾಹಿಯಲ್ಲಿ ಆ ಸಾಲೇ ಇಲ್ಲ. 2019ರಲ್ಲಿ ಇದನ್ನು ಅಳೆದಾಗ ಅದಕ್ಕೆ ಥಯಾಕ್ಲೋಪ್ರಿಡ್ ಮನುಷ್ಯ ಸಾಕುವ ಬೇರೆ ಜೇನ್ನೊಣಗಳಿಗಿಂತ 2,500 ಪಟ್ಟಿಗೂ ಜಾಸ್ತಿ ವಿಷ ಎಂದು ಗೊತ್ತಾಯಿತು. ಹತ್ತು ಪಟ್ಟು ಎಲ್ಲಿ, 2,500 ಎಲ್ಲಿ! ಒಂಟಿ ಜೇನ್ನೊಣ ಎಂಬುದು ಒಂದೇ ಜಾತಿಯಲ್ಲ, ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದಬೇಕು ಅಂತಲೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಖಾರವಾದ ಉದಾಹರಣೆ ನನಗೆ ಕಂಡಿಲ್ಲ.

ತಾಯಿಗೆ ಏನೂ ಆಗದೆ ಮರಿ ಮಾತ್ರ ಸಾಯುವ ವಿಷಗಳೂ ಇವೆ. ನೊವಾಲುರಾನ್ ಅಂಥದ್ದು. ಇದು ಕೀಟದ ಹೊರಪೊರೆಗೆ ಬೇಕಾದ ಕೈಟಿನ್ ತಯಾರಾಗದಂತೆ ತಡೆಯುತ್ತದೆ. ರೆಕ್ಕೆ ಬಂದ ಜೇನ್ನೊಣ ಮತ್ತೆ ಪೊರೆ ಕಳಚುವುದಿಲ್ಲ, ಹಾಗಾಗಿ ಅದು ಆರಾಮವಾಗಿ ಹಾರಾಡಿಕೊಂಡಿರುತ್ತದೆ. ಮರಿಯೋ ಮೇಲಿಂದ ಮೇಲೆ ಪೊರೆ ಕಳಚಿಯೇ ಬೆಳೆಯಬೇಕು. ಎಲೆ ಕತ್ತರಿಸುವ ಜೇನ್ನೊಣದ ಮೇಲೆ 2011ರಲ್ಲಿ ಪ್ರಕಟವಾದ ಕೆಲಸದಲ್ಲಿ ನೊವಾಲುರಾನ್ ತಗುಲಿದ ಕಡೆ ಮೊಟ್ಟೆ ಮತ್ತು ಮರಿಗಳೇ ಸತ್ತಿದ್ದವು. ದೊಡ್ಡವುಗಳ ಮೇಲಷ್ಟೇ ಪರೀಕ್ಷೆ ಮಾಡಿದ್ದರೆ ಈ ಔಷಧಿಗೆ ಒಳ್ಳೆಯ ಗುಣಪತ್ರವೇ ಸಿಗುತ್ತಿತ್ತು.

ಸರಿ, ಹಾಗಾದರೆ ಮರಿಗಳ ಮೇಲೇ ಪರೀಕ್ಷೆ ಮಾಡೋಣ ಅಂತ ಹೊರಡಿ. ಅಲ್ಲಿಂದ ಕಷ್ಟ ಶುರು.

ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ತಾಯಿ ಕಟ್ಟಿದ ಬುತ್ತಿಯನ್ನು ಹಾಗೇ ಇಟ್ಟು, ಮೊಟ್ಟೆ ಅದರ ಮೇಲಿರುವಾಗಲೇ ಉಂಡೆಯೊಳಗೆ ವಿಷದ ಒಂದು ಹನಿ ಬಿಡುವುದು. ಮೊಟ್ಟೆಯನ್ನು ಮುಟ್ಟುವ ಗೋಜಿಲ್ಲ. ಆದರೆ ಹನಿ ಬಿದ್ದ ಜಾಗದಲ್ಲಿ ವಿಷ ಗಟ್ಟಿ, ಪಕ್ಕದಲ್ಲಿ ಏನೂ ಇಲ್ಲ. ಮರಿ ಎರಡನೇ ದಿನವೇ ಅಲ್ಲಿಗೆ ಬಾಯಿ ಹಾಕಿತೋ ಇಪ್ಪತ್ತನೇ ದಿನ ಹಾಕಿತೋ ಯಾರಿಗೆ ಗೊತ್ತು? ಎರಡನೆಯ ದಾರಿ, ಪರಾಗವನ್ನು ಸಕ್ಕರೆ ನೀರಿನ ಜೊತೆ ಚೆನ್ನಾಗಿ ನಾದಿ, ವಿಷವನ್ನು ಸಮನಾಗಿ ಬೆರೆಸಿ, ಕೈಯಾರೆ ಉಂಡೆ ಕಟ್ಟಿ, ಅದರ ಮೇಲೆ ಮೊಟ್ಟೆಯನ್ನು ಎತ್ತಿ ಇಡುವುದು. ಪ್ರಮಾಣ ಪಕ್ಕಾ. ಆದರೆ ಮೊಟ್ಟೆ ಮೆತ್ತಗಿರುತ್ತದೆ, ಒಂದು ತುದಿ ಉಂಡೆಗೆ ಅಂಟಿಕೊಂಡಿರುತ್ತದೆ. ಎತ್ತುವಾಗ ಸ್ವಲ್ಪ ಒತ್ತಿದರೂ ಮುಗಿಯಿತು. ಹೊಸದಾಗಿ ಕಲಿಯುವವರ ಕೈಯಲ್ಲಿ ವಿಷ ಹಾಕದ ಗುಂಪಿನಲ್ಲೇ ಸಾಲುಸಾಲು ಸಾವು. ವಿಷದಿಂದ ಸತ್ತದ್ದೆಷ್ಟು, ಕೈ ತಾಗಿ ಸತ್ತದ್ದೆಷ್ಟು ಎಂದು ಬೇರೆ ಮಾಡಲು ಬರದಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

ಉಂಡೆಯ ಹದ ಇನ್ನೊಂದು ರಗಳೆ. ನೀರು ಜಾಸ್ತಿಯಾದರೆ ಮರಿ ಅಂಟಿನಲ್ಲಿ ಮುಳುಗುತ್ತದೆ, ಬೂಷ್ಟು ಹಿಡಿಯುತ್ತದೆ. ಕಡಿಮೆಯಾದರೆ ಒಣಗಿ ಕಲ್ಲಾಗುತ್ತದೆ. ಒಂದು ತಿಂಗಳು ಆ ಹದ ಉಳಿಯಬೇಕು.

ಪರಾಗ ಎಲ್ಲಿಂದ ತರುವುದು? ಸುಲಭಕ್ಕೆ ಸಿಗುವುದು ಸಾಕು ಜೇನ್ನೊಣ ಕಾಲಿನಲ್ಲಿ ಹೊತ್ತು ತಂದ ಪರಾಗ. ಅದರಲ್ಲಿ ಸಾಕು ಜೇನ್ನೊಣದ ಜೊಲ್ಲು, ಮಕರಂದ ಸೇರಿರುತ್ತದೆ, ಜೊತೆಗೆ ಯಾವುದೋ ಹೊಲದ ಕೀಟನಾಶಕವೂ ಇರಬಹುದು. ಹಾಗಾಗಿ ಪರೀಕ್ಷೆಗೆ ಮೊದಲು ಪರಾಗವನ್ನೇ ಪರೀಕ್ಷಿಸಬೇಕು. ಯಾವ ಹೂವಿನ ಪರಾಗ ಎಂಬುದೂ ಮುಖ್ಯ. ಆಸ್ಮಿಯಾ ಬೈಕಾರ್ನಿಸ್ ಮತ್ತು ಆಸ್ಮಿಯಾ ಕಾರ್ನ್ಯೂಟಾ ಅಕ್ಕತಂಗಿಯರಂಥ ಜಾತಿಗಳು, ಎರಡೂ ಹತ್ತಾರು ಹೂಗಳಿಂದ ಪರಾಗ ತರುತ್ತವೆ. ಆದರೂ ಬೈಕಾರ್ನಿಸ್ ಮರಿ ರಾನಂಕ್ಯುಲಸ್ ಪರಾಗ ತಿಂದು ಚೆನ್ನಾಗಿ ಬೆಳೆದು, ಎಕಿಯಂ ಪರಾಗದಲ್ಲಿ ಸೋಲುತ್ತದೆ. ಕಾರ್ನ್ಯೂಟಾ ಮರಿಯದು ಸರಿಯಾಗಿ ಇದರ ಉಲ್ಟಾ. ಹೂವೇ ಕೆಲವಕ್ಕೆ ವಿಷವಾಗಿರುವಾಗ ಮೇಲಿಂದ ಹಾಕಿದ ವಿಷದ ಪಾಲು ಎಷ್ಟು ಎಂದು ಹೇಳುವುದು ಹೇಗೆ?

ಬೂಷ್ಟು ಬರಬಾರದು ಅಂತ ಪರಾಗಕ್ಕೆ ವಿಕಿರಣ ಹಾಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರೂಢಿ ಇದೆ. ಆದರೆ ಆ ಸೂಕ್ಷ್ಮಜೀವಿಗಳೂ ಮರಿಯ ಊಟವೇ. ಬುತ್ತಿ ದಿನಗಳೆದಂತೆ ದೋಸೆ ಹಿಟ್ಟಿನ ಹಾಗೆ ಹುಳಿಯುತ್ತದೆ, ಮರಿ ಪರಾಗದ ಜೊತೆ ಆ ಜೀವಿಗಳನ್ನೂ ಅರಗಿಸಿಕೊಳ್ಳುತ್ತದೆ. 2019ರಲ್ಲಿ ಆಸ್ಮಿಯಾದ ಇನ್ನೊಂದು ಜಾತಿಯ ಮೇಲೆ ನಡೆದ ಪ್ರಯೋಗದಲ್ಲಿ ಸೂಕ್ಷ್ಮಜೀವಿ ಇಲ್ಲದ ಪರಾಗ ತಿಂದ ಮರಿಗಳು ಸೊರಗಿದವು. ಇಲ್ಲಿಗೆ ಶಿಲೀಂಧ್ರನಾಶಕದ ಪ್ರಶ್ನೆಯೂ ಬಂದು ಸೇರುತ್ತದೆ. ಮರಿಯನ್ನು ನೇರವಾಗಿ ಏನೂ ಮಾಡದ ಶಿಲೀಂಧ್ರನಾಶಕ ಅದರ ಊಟದಲ್ಲಿರುವ ಯೀಸ್ಟನ್ನು ಕೊಂದರೆ ಏನಾಗುತ್ತದೆ? ಶುದ್ಧಗೊಳಿಸಿದ ಪರಾಗದಲ್ಲಿ ಪರೀಕ್ಷೆ ಮಾಡಿದರೆ ಈ ಪ್ರಶ್ನೆ ಏಳುವುದೇ ಇಲ್ಲ, ಕೊಲ್ಲಲು ಅಲ್ಲಿ ಏನೂ ಉಳಿದಿರುವುದಿಲ್ಲವಲ್ಲ.

ಇದರ ಮೇಲೆ ಗಂಡು ಹೆಣ್ಣಿನ ತಾಪತ್ರಯ. ತಾಯಿ ತೂತಿನ ಒಳತುದಿಯಲ್ಲಿ ಹೆಣ್ಣುಮೊಟ್ಟೆ, ಬಾಗಿಲ ಕಡೆ ಗಂಡುಮೊಟ್ಟೆ ಇಡುತ್ತದೆ. ಹೆಣ್ಣಿಗೆ ದೊಡ್ಡ ಬುತ್ತಿ, ಗಂಡಿಗೆ ಸಣ್ಣದು. ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಅದಕ್ಕೆ ವಂಶವಾಹಿಗಳ ಒಂದೇ ಪ್ರತಿ. ಒಂದೇ ಗಾತ್ರದ ಉಂಡೆ ಎಲ್ಲಕ್ಕೂ ಕೊಟ್ಟರೆ ಕೆಲವಕ್ಕೆ ಹೊಟ್ಟೆ ತುಂಬುವುದಿಲ್ಲ. ಬೇರೆ ಬೇರೆ ಗಾತ್ರ ಕೊಟ್ಟರೆ ಒಳಗೆ ಹೋದ ವಿಷದ ಪ್ರಮಾಣ ಬೇರೆಯಾಗುತ್ತದೆ. ಒಂದೇ ತಾಯಿಯ ಮೊಟ್ಟೆಗಳೆಲ್ಲ ಒಂದೇ ಗುಂಪಿಗೆ ಹೋದರೆ ಕಾಣುವ ವ್ಯತ್ಯಾಸ ವಿಷದ್ದೋ ಆ ತಾಯಿಯದೋ ಗೊತ್ತಾಗದು. ಹಂಚಿ ಹಾಕಬೇಕು. ಒಂದು ತಿಂಗಳು ಉಂಡೆಯಲ್ಲಿ ಕೂತ ವಿಷ ಒಡೆದು ಕಡಿಮೆಯಾಗಿದೆಯೇ ಎಂದು ಮೊದಲೂ ಕೊನೆಗೂ ಅಳೆಯಬೇಕು. ಈ ಎಲ್ಲ ವಿವರಗಳನ್ನು ಒಂದು ದಾರಿಗೆ ತರಲು 2020ರಲ್ಲಿ ಸಂಶೋಧಕರು ಆಸ್ಮಿಯಾ ಮರಿಗಳಿಗೆಂದೇ ಶಿಫಾರಸುಗಳ ಒಂದು ಪಟ್ಟಿ ಪ್ರಕಟಿಸಿದರು. ಒಳ್ಳೆಯ ಹೆಜ್ಜೆ. ಆದರೆ ಶಿಫಾರಸು ಬೇರೆ, ಹತ್ತು ಕಡೆ ಮಾಡಿದರೂ ಒಂದೇ ಉತ್ತರ ಬರುತ್ತದೆ ಎಂದು ಸಾಬೀತಾದ ಮಾರ್ಗಸೂಚಿ ಬೇರೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಪರೀಕ್ಷೆಯನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದು. ಮರಿ ಸತ್ತಿತೋ ಬದುಕಿತೋ ಎಂದು ಎಣಿಸಿ ಮುಗಿಸಬಹುದು. ನೂಲಿನ ಗೂಡು ಕಟ್ಟಲು ಎಷ್ಟು ದಿನ ಹಿಡಿಯಿತು, ಆ ಗೂಡಿನ ತೂಕ ಎಷ್ಟು ಎಂದು ನೋಡಿ ಮುಗಿಸಬಹುದು. ಇಲ್ಲವೇ ಚಳಿಗಾಲ ದಾಟಿಸಿ, ಹೊರಬಂದ ಹೆಣ್ಣು ತಾನೂ ಗೂಡು ಕಟ್ಟಿ ಮೊಟ್ಟೆ ಇಡುತ್ತದೆಯೇ ಎಂದು ಕಾಯಬಹುದು.

2017ರ ಒಂದು ಅಧ್ಯಯನದಲ್ಲಿ ಬೈಕಾರ್ನಿಸ್ ಮರಿಗಳಿಗೆ ಹೊಲದಲ್ಲಿ ಸಿಗುವ ಪ್ರಮಾಣದಲ್ಲೇ ಕ್ಲೋಥಿಯಾನಿಡಿನ್ ಎಂಬ ಕೀಟನಾಶಕ ತಿನ್ನಿಸಿದರು. ಬೆಳವಣಿಗೆಯ ವೇಗ, ಚಳಿಗಾಲದಲ್ಲಿ ಉಳಿದ ಸಂಖ್ಯೆ, ದೊಡ್ಡದಾದ ಮೇಲಿನ ಚಯಾಪಚಯ, ಯಾವುದರಲ್ಲೂ ಫರಕು ಕಾಣಲಿಲ್ಲ. ಇದನ್ನು ಬಚ್ಚಿಡಬೇಕಿಲ್ಲ, ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದು. ಆದರೆ 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಮಿಯಾ ಲಿಗ್ನೇರಿಯಾ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶ ಬಂತು. ಅಲ್ಲಿ ವಿಷ ಬೇರೆ, ಇಮಿಡಾಕ್ಲೋಪ್ರಿಡ್. ಕೊಟ್ಟ ರೀತಿಯೂ ಬೇರೆ, ಮಣ್ಣಿಗೆ ಹಾಕಿ ಗಿಡದ ಮೂಲಕ ಹೂವಿಗೆ ಬರಿಸಿದ್ದು. ಮರಿಯಾಗಿದ್ದಾಗ ವಿಷ ಸೋಕಿದ್ದ ಹೆಣ್ಣುಗಳು ಮರುವರ್ಷ ಶುದ್ಧ ಹೂಗಳ ಮಧ್ಯೆ ಹಾರಿದರೂ ಅವುಗಳ ಸಂತಾನ ಸುಮಾರು 20% ಕಡಿಮೆ. ಎರಡೂ ವರ್ಷ ವಿಷ ಸಿಕ್ಕಿದ ಕಡೆ ಸಂತತಿ ಬೆಳೆಯುವ ವೇಗ 72% ಕುಸಿದಿತ್ತು. ಈ ನಷ್ಟ ಗೂಡಿನ ತೂಕದಲ್ಲಿ ಕಾಣುವಂಥದ್ದಲ್ಲ, ಸತ್ತ ಮರಿಗಳ ಎಣಿಕೆಯಲ್ಲೂ ಸಿಗುವುದಿಲ್ಲ. ಮರುವರ್ಷದ ಮೊಟ್ಟೆ ಎಣಿಸಿದವರಿಗಷ್ಟೇ ಗೊತ್ತಾಗುತ್ತದೆ. ಎರಡು ಅಧ್ಯಯನಗಳು ಒಂದಕ್ಕೊಂದು ವಿರುದ್ಧ ಎಂದು ಹೇಳಲು ಆಗುವುದಿಲ್ಲ, ಅವು ಬೇರೆ ಬೇರೆ ಕಡೆ ಎಣಿಕೆ ನಿಲ್ಲಿಸಿವೆ. ಹಾಗಾಗಿ ‘ಪರಿಣಾಮ ಇಲ್ಲ’ ಎಂಬ ವರದಿ ಕೈಗೆ ಬಂದಾಗ ನಾನಂತೂ ಮೊದಲು ನೋಡುವುದು ಎಷ್ಟು ದಿನ ಕಾದರು ಎಂಬುದನ್ನು.

ಹೀಗೆ ಹೇಳುವಾಗ ನೆಲದ ಒಳಗಿನವುಗಳ ಮಾತೇ ಬಂದಿಲ್ಲ. ಜೇನ್ನೊಣಗಳಲ್ಲಿ ಸುಮಾರು 70% ಬಗೆ ಮಣ್ಣು ತೋಡಿ ಗೂಡು ಮಾಡುತ್ತವೆ. ಅವುಗಳ ಮರಿಗೆ ಬುತ್ತಿಯಿಂದಲೂ ವಿಷ, ಸುತ್ತಲಿನ ಮಣ್ಣಿನಿಂದಲೂ ವಿಷ. ಕುಂಬಳ ಜಾತಿಯ ಹೂಗಳನ್ನೇ ನಂಬಿದ ಒಂದು ಜೇನ್ನೊಣದ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಾಟಿ ಸಮಯದಲ್ಲಿ ಮಣ್ಣಿಗೆ ಇಮಿಡಾಕ್ಲೋಪ್ರಿಡ್ ಹಾಕಿದ ಕಡೆ ಅವು ಕಟ್ಟಿದ ಗೂಡುಗಳು 85% ಕಡಿಮೆ, ಮರಿಗಳು 89% ಕಡಿಮೆ. ಪ್ರಯೋಗಾಲಯಗಳು ಆಸ್ಮಿಯಾವನ್ನು ಆರಿಸಿಕೊಂಡಿರುವುದು ಅದು ಕೊಳವೆಯಲ್ಲಿ ಸುಲಭವಾಗಿ ಗೂಡು ಮಾಡುತ್ತದೆ, ನೂಲಿನ ಗೂಡುಗಳು ಕೊಳ್ಳಲು ಸಿಗುತ್ತವೆ ಎಂಬ ಕಾರಣಕ್ಕೆ. ಅದು ತಪ್ಪಲ್ಲ, ಎಲ್ಲಿಂದಲಾದರೂ ಶುರು ಮಾಡಬೇಕಲ್ಲ. ಆದರೆ ಸಿಕ್ಕಿದ ಕಡೆ ಹುಡುಕುತ್ತಿದ್ದೇವೆ ಎಂಬ ಎಚ್ಚರ ಇರಬೇಕು.

ನಿಯಮಗಳು ಎಲ್ಲಿಗೆ ಬಂದಿವೆ? ಐರೋಪ್ಯ ಪ್ರಾಧಿಕಾರ 2023ರಲ್ಲಿ ತನ್ನ ಮಾರ್ಗದರ್ಶಿಯನ್ನು ಪರಿಷ್ಕರಿಸಿತು. ಸಾಕು ಜೇನ್ನೊಣದ ಕುಟುಂಬ 10%ಗಿಂತ ಜಾಸ್ತಿ ಕುಗ್ಗಬಾರದು ಎಂಬ ಗೆರೆ ಅದರಲ್ಲಿದೆ. ಒಂಟಿ ಜೇನ್ನೊಣಕ್ಕೆ ಅಂಥ ಗೆರೆಯನ್ನೇ ಎಳೆದಿಲ್ಲ, ಎಳೆಯುವಷ್ಟು ಮಾಹಿತಿ ಇರಲಿಲ್ಲ. 2025ರಲ್ಲಿ ಒಇಸಿಡಿ ಆಸ್ಮಿಯಾಕ್ಕೆಂದೇ 254ನೇ ಮಾರ್ಗಸೂಚಿ ತಂದಿತು. ಒಂಟಿ ಜೇನ್ನೊಣಕ್ಕೆ ಸಂದ ಈ ಮಾರ್ಗಸೂಚಿ ರೆಕ್ಕೆ ಬಂದವುಗಳಿಗೆ, ಮೈಗೆ ತಾಗಿಸುವ ವಿಷಕ್ಕೆ. ಬೆನ್ನ ಮೇಲೆ ಒಂದು ಹನಿ ಬಿಟ್ಟು ಕೆಲವು ದಿನ ನೋಡುವ ಪರೀಕ್ಷೆ ಅದು. ಸುಲಭವಾದದ್ದು ಮೊದಲು ಬಂದಿದೆ, ಅದು ಸಹಜ. ಮರಿಯ ಪರೀಕ್ಷೆ ಸಾಲಿನಲ್ಲಿ ಇನ್ನೂ ಹಿಂದಿದೆ.

ನೂಲಿನ ಗೂಡು ಕಟ್ಟುವವರೆಗೆ ನೋಡಿ ನಿಲ್ಲಿಸೋಣ, ತೂಕ ಕಡಿಮೆಯಾದರೆ ಚಳಿಗಾಲಕ್ಕೆ ಬೇಕಾದ ಕೊಬ್ಬೂ ಕಡಿಮೆ ಎಂದು ಅಂದಾಜು ಮಾಡೋಣ ಎಂಬ ವಾದ ಇದೆ. ಎರಡು ತಿಂಗಳ ಒಳಗೆ ಮುಗಿಯುತ್ತದೆ, ಖರ್ಚೂ ಕಡಿಮೆ. ಮೊದಲ ಜರಡಿಯಾಗಿ ನಾನು ಇದನ್ನು ಒಪ್ಪುತ್ತೇನೆ. ಅಲ್ಲಿ ಎಡವಿದ ಔಷಧಿಗೆ ಮುಂದೆ ನೋಡುವ ಅಗತ್ಯವೇ ಇಲ್ಲ. ಆದರೆ ಪಾಸಾದದ್ದಕ್ಕೆ ಅಲ್ಲೇ ಮುದ್ರೆ ಒತ್ತಬಾರದು. ಆ ಗೂಡುಗಳು 4 ಡಿಗ್ರಿ ಚಳಿಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇರಬೇಕು, ವಸಂತದಲ್ಲಿ ಹೊರಗೆ ಬರಬೇಕು. ಬಂದ ಹೆಣ್ಣುಗಳನ್ನು ಹೂವಿರುವ ಬಲೆಮನೆಗೆ ಬಿಟ್ಟು, ಎಷ್ಟು ಕೋಣೆ ಕಟ್ಟುತ್ತವೆ, ಒಂದೊಂದರಲ್ಲಿ ಎಷ್ಟು ಬುತ್ತಿ ಇಡುತ್ತವೆ ಎಂದು ಕೂತು ಎಣಿಸಬೇಕು.